ನಾಲ್ಕು ಬೆರಳು ಬಟ್ಟೆ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದೊಡ್ಡ ಡಾಕ್ಟರರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವಳು ಟೈಲರಮ್ಮ. ಯುದ್ಧದ ಮೊದಲ ವರ್ಷವೇ ಗಂಡ ಗಡಿಯಲ್ಲಿ ತೀರಿಕೊಂಡಿದ್ದ. ಎರಡನೆಯ ವರ್ಷ ಈ ಮಿಲಿಟರಿ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಸಿಕ್ಕಿತು. ಈಗ ನಾಲ್ಕನೆಯ ವರ್ಷ. ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ.

ಹೊಲಿಗೆ ಕೋಣೆಯಲ್ಲಿದ್ದದ್ದು ಒಂದು ಕಿಟಕಿ, ಕಾಲಲ್ಲಿ ತುಳಿಯುವ ಒಂದು ಮೆಷಿನ್ನು, ಗೋಡೆಯುದ್ದಕ್ಕೂ ಬಟ್ಟೆಯ ಗಂಟುಗಳು. ಗುಣವಾಗಿ ಹೊರಟವರ ಬಟ್ಟೆಯೂ ಅದರಲ್ಲಿ ಇರುತ್ತಿತ್ತು, ಗುಣವಾಗದವರದ್ದೂ ಇರುತ್ತಿತ್ತು. ಒಗೆದು ಒಣಗಿಸಿದ ಮೇಲೆ ಯಾವುದು ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ. ತೂತು ಮುಚ್ಚಿ, ಗುಂಡಿ ಹಾಕಿ, ಮುಂದಿನವನ ಅಳತೆಗೆ ತಂದು ಕಳಿಸುವುದು ಅವಳ ಕೆಲಸ.

ಬಟ್ಟೆಬರೆಯ ಉಸ್ತುವಾರಿ ಸ್ಟೋರಿನ ಅಜ್ಜನದು. ಅವಳು ಕೆಲಸಕ್ಕೆ ಬಂದ ದಿನವೇ ಅವನು ಹೇಳಿದ್ದ: "ನೋಡು ತಾಯಿ, ಉದ್ದ ಆದರೆ ಒಳಗೆ ಮಡಚಿ ಹೊಲಿ. ಕತ್ತರಿ ಮಾತ್ರ ಹಾಕಬೇಡ. ಇವತ್ತು ಕುಳ್ಳ ಹಾಕ್ಕೊಂಡ ಕೋಟು ನಾಳೆ ಉದ್ದನೆಯವನಿಗೆ ಆಗಬೇಕು."

"ಕುಳ್ಳ ಎಲ್ಲಿಗೆ ಹೋಗ್ತಾನೆ?"

ಅಜ್ಜ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ. "ಇಲ್ಲಿ ಅದನ್ನ ಕೇಳಬಾರದು."

ಆಮೇಲೆ ಅವಳು ಕೇಳಲಿಲ್ಲ. ಎರಡು ವರ್ಷದಲ್ಲಿ ಒಂದು ತೋಳಿಗೂ ಕತ್ತರಿ ಹಾಕಲಿಲ್ಲ.

ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರು ದಿನಾ ಮಧ್ಯಾಹ್ನ ಆ ಕೋಣೆಗೆ ಬರುತ್ತಿದ್ದ. ಆಳು ಕುಳ್ಳ, ಬಾಯಿ ಉದ್ದ. ಹೆಂಡತಿ ತೀರಿಹೋಗಿ ಎಂಟು ವರ್ಷವಾಗಿತ್ತು. ಸ್ಟೋರಿನಿಂದ ಕೊಟ್ಟ ಕೋಟಿನ ತೋಳು ಅವನ ಬೆರಳುಗಳನ್ನೂ ನುಂಗುತ್ತಿತ್ತು. ಅದನ್ನು ಸುರುಳಿ ಸುತ್ತಿ ಮೇಲೇರಿಸಿಕೊಂಡೇ ಓಡಾಡುತ್ತಿದ್ದ. ಅವನು ಬರುತ್ತಿದ್ದದ್ದು ಹಳೆಯ ಹೊದಿಕೆಗಳನ್ನು ಪಟ್ಟಿಗಾಗಿ ಹರಿಯುವುದಕ್ಕೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ತುದಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಹರಿಯುತ್ತಾ ಹಿಂದಕ್ಕೆ ನಡೆಯಬೇಕು. ಕೋಣೆ ಚಿಕ್ಕದು. ನಾಲ್ಕು ಹೆಜ್ಜೆಗೆ ಅವನ ಬೆನ್ನು ಗೋಡೆಗೆ ತಾಗುತ್ತಿತ್ತು.

"ನಾವಿಬ್ಬರೂ ಸೇರಿ ಎಷ್ಟೊಂದು ಹರಿದಿದ್ದೀವಿ ಟೈಲರಮ್ಮಾ," ಅಂದ ಒಂದು ದಿನ. "ಏನಾದರೂ ಒಂದು ಹೊಲಿಯೋಣ."

"ಏನು ಹೊಲಿಯೋದು?"

"ಸಂಸಾರ."

"ಮೊದಲು ನಿಮ್ಮ ಹರಕು ಬಾಯಿಗೆ ಒಂದು ಹೊಲಿಗೆ ಹಾಕ್ತೀನಿ ತಡೀರಿ."

"ಹಾಕಿ. ಸೂಜಿ ಹಿಡಿಯೋಕಾದರೂ ಹತ್ತಿರ ಬರಬೇಕಲ್ಲ?"

ಅವಳು ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ಕೆನ್ನೆ ನೊಂದಂತಾಯಿತು. ಸಂಜೆ ಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆಗೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು.

"ಆಳು ಹೇಗಿದ್ದಾನೆ?"

"ಕುಳ್ಳ, ಅತ್ತೆ."

"ನನ್ನ ಮಗ ಆರಡಿ ಇದ್ದ. ಏನು ಬಂತು?" ಅತ್ತೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ನನ್ನ ಮುಖ ನೋಡ್ಕೊಂಡು ಕೂರಬೇಡ. ಹೋದವನು ನನ್ನ ಮಗ. ಇರೋಳು ನೀನು."

"ನಿಮ್ಮನ್ನ ಬಿಟ್ಟು ಹೇಗೆ ಹೋಗಲಿ?"

"ಬಿಡು ಅಂದವರು ಯಾರು? ನನ್ನ ಹಾಸಿಗೆ ಸುತ್ಕೊಂಡು ನಿನ್ನ ಹಿಂದೇನೇ ಬರ್ತೀನಿ."

ಅಷ್ಟಾದರೂ ಅವಳು ಡ್ರೆಸ್ಸರಿಗೆ ಹೂಂ ಅನ್ನಲಿಲ್ಲ. ಜನ ಏನಂದಾರು ಎಂಬ ಭಯವಲ್ಲ. ಅವಳಿಗೆ ಭಯವಿದ್ದದ್ದು ಗಂಟಿನದು. ಗಂಡನ ಬಟ್ಟೆಯೂ ಯಾವುದೋ ಆಸ್ಪತ್ರೆಯ ಯಾವುದೋ ಗಂಟಿನಲ್ಲಿ ಕೂತು, ಯಾರದೋ ಕೈಯಲ್ಲಿ ತೇಪೆ ಹಾಕಿಸಿಕೊಂಡು, ಇನ್ನಾರದೋ ಮೈಮೇಲೆ ಹೋಗಿತ್ತು. ಇನ್ನೊಮ್ಮೆ ಅದನ್ನು ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಡ್ರೆಸ್ಸರಿಗೆ ಗಡಿಯ ಹತ್ತಿರದ ಡೇರೆ ಆಸ್ಪತ್ರೆಗೆ ಹೋಗಬೇಕೆಂದು ಆದೇಶ ಬಂತು. ಹೊರಡುವ ಹಿಂದಿನ ದಿನ ಕೋಟು ಹಾಕಿಕೊಂಡು ಬಂದ.

"ಅಲ್ಲಿ ಚಳಿ ಅಂತೆ, ಕೋಟು ತೆಗೆಯೋ ಹಾಗಿಲ್ಲ. ಈ ತೋಳು ಬಿಚ್ಕೊಂಡು ಗಾಯದೊಳಗೇ ಇಳೀತದೆ. ಮಡಚಿ ಹೊಲಿದು ಕೊಡಿ."

ಅವಳು ಟೇಪು ತೆಗೆದುಕೊಂಡಳು. "ಎರಡೂ ಕೈ ಮೇಲೆತ್ತಿ. ಕಂಕುಳಲ್ಲಿ ಬಿಗಿಯುತ್ತಾ?"

"ಇಲ್ಲ. ಎದೆಯಲ್ಲಿ ಸ್ವಲ್ಪ."

"ಅದಕ್ಕೆ ನನ್ನ ಹತ್ರ ದಾರ ಇಲ್ಲ."

ಕೋಟು ಬಿಚ್ಚಿಸಿಕೊಂಡು ಹಲಗೆಯ ಮೇಲೆ ಹರಡಿದಳು. ಸೀಮೆಸುಣ್ಣದಿಂದ ಗೆರೆ ಎಳೆದಳು. ಮಡಚಲಿಲ್ಲ. ಕತ್ತರಿ ತೆಗೆದುಕೊಂಡು ಎರಡೂ ತೋಳಿನಿಂದ ನಾಲ್ಕು ನಾಲ್ಕು ಬೆರಳು ಬಟ್ಟೆ ಕತ್ತರಿಸಿಯೇ ಬಿಟ್ಟಳು.

"ಏನ್ರೀ ಮಾಡಿದ್ರಿ! ಸ್ಟೋರಿನ ಅಜ್ಜ ನೋಡಿದರೆ..."

"ನೋಡಲಿ." ಅಂಚು ಹೊಲಿದು ಕೋಟನ್ನು ಅವನ ಕೈಗಿಟ್ಟಳು. "ಇನ್ನು ಇದು ಬೇರೆ ಯಾರಿಗೂ ಆಗಲ್ಲ. ನೀವೇ ಹಾಕ್ಕೊಂಡು ಬರಬೇಕು. ಬಂದ ಮೇಲೆ ಉತ್ತರ ಹೇಳ್ತೀನಿ."

ಅವನು ಕೋಟು ತೊಟ್ಟು, ಹೊರಗೆ ಕಾಣುತ್ತಿದ್ದ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಬಾಗಿಲು ದಾಟುವಾಗ "ಉತ್ತರ ಸಿಕ್ತು ಬಿಡಿ" ಅಂದ.

ಕತ್ತರಿಸಿದ ತುಂಡುಗಳನ್ನು ಅವಳು ಗುಂಡಿಯ ಡಬ್ಬಿಯಲ್ಲಿ ಹಾಕಿಟ್ಟಳು. ಮರುದಿನದಿಂದ ಹೊದಿಕೆಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಒಬ್ಬಳೇ ಹರಿಯತೊಡಗಿದಳು. ಹೊಸ ಗಂಟು ಬಂದಾಗಲೆಲ್ಲ ಮೊದಲು ತೋಳುಗಳನ್ನು ಎಳೆದು ನೋಡುತ್ತಿದ್ದಳು. ಎಲ್ಲವೂ ಉದ್ದ. ಉಸಿರು ಬಿಟ್ಟು ಕೆಲಸಕ್ಕೆ ಕೂರುತ್ತಿದ್ದಳು. ಮನೆಯಲ್ಲಿ ಅತ್ತೆ ಹಾಸಿಗೆ ಸುತ್ತುವ ಹಗ್ಗವನ್ನು ಹುಡುಕಿ ತೆಗೆದಿಟ್ಟಿದ್ದಳು.

ಎರಡು ತಿಂಗಳ ಮೇಲೆ ಒಂದು ದಿನ ಅಜ್ಜ ಒಂದು ಕೋಟನ್ನು ಕೈಯಲ್ಲಿ ಹಿಡಿದು ಗೊಣಗುತ್ತಲೇ ಬಂದ. "ಯಾರಮ್ಮಾ ಇದಕ್ಕೆ ಕತ್ತರಿ ಹಾಕಿದ್ದು? ಇನ್ನು ಇದು ಯಾವ ಉದ್ದನೆಯವನಿಗೆ..." ಅವಳ ಮುಖ ನೋಡಿದವನು ಅಲ್ಲಿಗೇ ನಿಲ್ಲಿಸಿದ. ಕೋಟನ್ನು ಹಲಗೆಯ ಮೇಲಿಟ್ಟು, "ಡೇರೆ ಮೇಲೆ ಬಾಂಬು ಬಿತ್ತಂತೆ," ಅಂದ. "ಒಳಗಿದ್ದವರು ಯಾರೂ ಉಳಿದಿಲ್ಲ. ಆಫೀಸಿಗೆ ಹೆಸರುಗಳು ಬಂದಿವೆ, ನಮ್ಮ ಡ್ರೆಸ್ಸರದ್ದೂ ಇದೆ. ಒಗೆದು ಹೊರಗೆ ಒಣಗೋಕೆ ಹಾಕಿದ್ದ ಕೋಟುಗಳು ಮಾತ್ರ ಉಳಿದವಂತೆ."

ಅವಳು ಕೋಟನ್ನು ತೊಡೆಯ ಮೇಲಿಟ್ಟುಕೊಂಡಳು. ಅಂಚಿನಲ್ಲಿದ್ದದ್ದು ಅವಳದೇ ಹೊಲಿಗೆ, ಒಂದು ಎಳೆಯೂ ಬಿಚ್ಚಿರಲಿಲ್ಲ.

"ನೆಲ ಒರೆಸೋ ಬಟ್ಟೆ ಆಯ್ತು ಅಂತ ಬರೆದುಬಿಡ್ತೀನಿ ಮಗಳೇ. ನೀನು ಮನೆಗೆ ತಗೊಂಡು ಹೋಗು. ಯಾರೂ ಕೇಳಲ್ಲ."

ಮನೆಗೆ ಒಯ್ದರೆ ಗೂಟಕ್ಕೆ ತೂಗುಹಾಕಬೇಕು. ಅಲ್ಲಿ ಗಂಡನ ಅಂಗಿಯೊಂದು ಆಗಲೇ ತೂಗುತ್ತಿತ್ತು. ದಿನಾ ಬೆಳಿಗ್ಗೆ ಎದ್ದು ಎರಡನ್ನು ನೋಡಬೇಕು.

"ನಾಳೆ ಹೊರಡೋರು ಯಾರಿದ್ದಾರೆ?" ಎಂದು ಕೇಳಿದಳು.

"ಏಳನೇ ಹಾಸಿಗೆಯವನು. ಉದ್ದನೆ ಆಳು. ಅವನಿಗೆ ಕೋಟೇ ಸಿಕ್ಕಿಲ್ಲ."

ಅಜ್ಜ ಹೋದ ಮೇಲೆ ಅವಳು ಗುಂಡಿಯ ಡಬ್ಬಿ ತೆರೆದಳು. ಅಂಚು ಬಿಚ್ಚಿ, ತುಂಡುಗಳನ್ನು ಮತ್ತೆ ತೋಳಿಗೆ ಕೂಡಿಸಿದಳು. ತೋಳು ಬಿಸಿಲು ನೀರಿಗೆ ಬಿಳಚಿಕೊಂಡಿತ್ತು. ಡಬ್ಬಿಯಲ್ಲಿದ್ದ ತುಂಡಿನ ಬಣ್ಣ ಹಾಗೇ ಗಾಢವಾಗಿತ್ತು. ಎಷ್ಟು ನಾಜೂಕಾಗಿ ಹೊಲಿದರೂ ಬಳೆಯಂತೆ ಎದ್ದು ಕಾಣುತ್ತಿತ್ತು. ಅತ್ತೆಗೆ ಏನು ಹೇಳುವುದು ಎಂಬುದನ್ನು ಸಂಜೆಗೆ ಬಿಟ್ಟಳು.

ಏಳನೇ ಹಾಸಿಗೆಯವನು ಕೋಟು ತೊಟ್ಟು ನೋಡಿಕೊಂಡ. "ಇದೇನಮ್ಮಾ, ತೋಳಿಗೆ ಈ ತೇಪೆ?"

"ಹಿಂದೆ ಹಾಕ್ಕೊಂಡವರು ಕುಳ್ಳಗಿದ್ದರು."

"ಅವರಿಗೆ ಇನ್ನು ಬೇಡವಾ?"

"ಬೇಡ." ಅವಳು ಕಾಲರು ಎಳೆದು ಸರಿಮಾಡಿದಳು. "ಎರಡೂ ಕೈ ಮೇಲೆತ್ತಪ್ಪಾ. ಕಂಕುಳಲ್ಲಿ ಬಿಗಿಯುತ್ತಾ?"