ಏಡಿ ಕಿವಿರಿನ ಹುಳು ಆರಿಸುವ ಕಾಟಲಿಂಗಪ್ಪ

ಬೆಳಗಿನ ಐದೂವರೆ. ಚಿತ್ರದುರ್ಗದ ಮೀನು ಮಾರ್ಕೆಟ್ಟಿಗೆ ಮಲ್ಪೆಯಿಂದ ಐಸ್ ಲಾರಿ ಬಂದು ನಿಂತಿದೆ. ಕೊಳ್ಳುವವರು ದಪ್ಪ ಏಡಿಗೆ ಕೈಹಾಕುತ್ತಿದ್ದರೆ ಕಾಟಲಿಂಗಪ್ಪ ಕಾಲು ಮುರಿದು ಮೂಲೆಗೆ ಬಿದ್ದವನ್ನೇ ಹುಡುಕುತ್ತಾರೆ. "ಸಾರಿಗಲ್ಲ ಕಣ್ರಿ, ಇದರ ಕಿವಿರಿನಾಗೆ ಹುಳ ಇರ್ತಾವೆ" ಎಂದರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಬೋಣಿ ಹೊತ್ತಿನಲ್ಲಿ ಹುಳದ ಮಾತೆತ್ತಿದರೆ ಯಾರು ತಾನೆ ಸುಮ್ಮನಿರುತ್ತಾರೆ?

ಇವರು ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ವಯಸ್ಸು ಐವತ್ತೊಂಬತ್ತು. ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ. ತುರುವನೂರು ಕಡೆಯ ಹಟ್ಟಿಯಲ್ಲಿ ಕುರಿ ಕಾಯ್ದು ಪಳಗಿದ ಕಣ್ಣು. ಕೂದಲಿಗಿಂತ ಸಣ್ಣ ದುಂಡುಹುಳುಗಳಲ್ಲಿ ಇದರ ಬಾಲ ಚೂಪು, ಅದರದು ಮೊಂಡು ಎಂದು ಸೂಕ್ಷ್ಮದರ್ಶಕದಲ್ಲಿ ಇಣುಕಿದ ಕೂಡಲೇ ಹೇಳುತ್ತಾರೆ. ಕಡ್ಡಿಗೆ ಅಂಟಿಸಿದ ಮೇಕೆ ಕೂದಲಿನಿಂದ ಒಂದೊಂದನ್ನೇ ಎತ್ತುತ್ತಾರೆ. ದಿನಕ್ಕೆ ಆರೇಳು ಏಡಿ, ನಲವತ್ತೈವತ್ತು ಹುಳು. ಹೀಗೆ ಹನ್ನೊಂದು ವರ್ಷ.

ಈ ಕೆಲಸಕ್ಕೆ ಹಚ್ಚಿದವರು ಉಪನ್ಯಾಸಕಿ ಶಾಲಿನಿ. ಹುಳುಗಳನ್ನು ಜಾತಿವಾರು ವಿಂಗಡಿಸುವುದು ಮೊದಲ ಹೆಜ್ಜೆ ಅಷ್ಟೆ. ಏಡಿಯ ವಂಶ ಕವಲೊಡೆದಾಗ ಅದರ ಕಿವಿರಿನ ಹುಳುವಿನ ವಂಶವೂ ಜೊತೆಗೇ ಕವಲೊಡೆಯಿತೇ, ಇಲ್ಲ ಹುಳು ಒಂದು ಬಗೆಯ ಏಡಿಯಿಂದ ಇನ್ನೊಂದಕ್ಕೆ ದಾಟಿತೇ ಎಂಬುದು ಅವರ ನಿಜವಾದ ಪ್ರಶ್ನೆ. ಅದಕ್ಕೆ ಯಾವ ಹುಳು ಯಾವ ಏಡಿಯದೆಂಬ ಗುರುತು ಬೇಕೇ ಬೇಕು.

ಎಡವಟ್ಟಾದದ್ದು ಅಲ್ಲೇ. ಎರಡು ಮಂದೆ ಬೆರೆತರೆ ಹೋಲಿಕೆ ನೋಡಿ ಮರಿ ಬೇರ್ಪಡಿಸುವುದು ಹಟ್ಟಿಯ ಪಾಠ. ಮೇಡಂಗೆ ಕೆಲಸ ಹಗುರಾಗಲಿ ಎಂದು ಕಾಟಲಿಂಗಪ್ಪ ಬೇರೆ ಬೇರೆ ಏಡಿಗಳ ಹುಳುಗಳಲ್ಲಿ ಒಂದೇ ಥರದವನ್ನೆಲ್ಲ ಒಂದು ಬಾಟಲಿಗೆ ಸೇರಿಸಿ, ಯಾವ ಏಡಿಯದೆಂದು ಬರೆದಿದ್ದ ಚೀಟಿ ಕಿತ್ತೆಸೆಯುತ್ತ ಬಂದರು. ವಿಂಗಡಣೆ ಅಚ್ಚುಕಟ್ಟಾಗಿತ್ತು, ಶಾಲಿನಿ ಬೆನ್ನು ತಟ್ಟಿದ್ದರು. ಕಳೆದ ವರ್ಷ ಏಡಿವಾರು ಪಟ್ಟಿ ಕೇಳಿದಾಗಲೇ ಗೊತ್ತಾದದ್ದು. "ಒಂದ್ ಮಾತು ಬೈಲಿಲ್ಲ ಕಣ್ರಿ. ಕುರ್ಚಿ ಮ್ಯಾಲೆ ಕುಂತ್ಕಂಡು ಬಾಟ್ಲಿ ನೋಡ್ತಾನೇ ಇದ್ರು. ಬೈದಿದ್ರೆ ಬದುಕ್ಕಂತಿದ್ದೆ."

ಸಂಗ್ರಹದಲ್ಲಿ ಶಿಸ್ತಿಲ್ಲ ಎಂದು ಬರೆದು ಪರೀಕ್ಷಕರು ಶಾಲಿನಿಯವರ ಪಿಎಚ್‌.ಡಿ. ಪ್ರಬಂಧವನ್ನು ವಾಪಸು ಕಳಿಸಿದರು. ಅವರು ಕಾಟಲಿಂಗಪ್ಪನವರ ಹೆಸರೆತ್ತಲಿಲ್ಲ. ತಪ್ಪೆಲ್ಲ ತಮ್ಮದೇ ಎಂದು ಒಪ್ಪಿಕೊಂಡು ಹೊಸದುರ್ಗಕ್ಕೆ ವರ್ಗವಾಗಿ ಹೋದರು.

ಈಗ ಕಾಟಲಿಂಗಪ್ಪ ಏಡಿಗೊಂದು ಬಾಟಲಿ ಇಟ್ಟು ಮೊದಲಿನಿಂದ ಶುರುಮಾಡಿದ್ದಾರೆ. ಅದನ್ನು ನೋಡುವವರು ವಿಭಾಗದಲ್ಲಿ ಯಾರೂ ಇಲ್ಲ. ನಿವೃತ್ತಿಗೆ ಏಳು ತಿಂಗಳು ಉಳಿದಿದೆ. "ಏಳು ತಿಂಗಳಾಗೆ ಹನ್ನೊಂದ್ ವರ್ಷ ವಾಪಸ್ ಬರ್ತಾವಾ? ಬರಲ್ಲ, ನಂಗೂ ಗೊತ್ತೈತೆ. ಕೈ ಕಟ್ಕಂಡು ಕುಂತ್ರೆ ಆ ಬಾಟ್ಲಿಗಳೇ ಕಣ್ಮುಂದೆ ಬರ್ತಾವೆ."

ಫೋಟೊ ತೆಗೆಯಲು ಬಿಡುವುದಿಲ್ಲ. ನಿಮ್ಮ ಬಗ್ಗೆ ಬರೆಯಬೇಕಲ್ಲ ಎಂದರೆ ಕೈಲಿದ್ದ ಬಾಟಲಿಗೆ ಏಡಿಯ ಚೀಟಿ ಅಂಟಿಸಿ ಮುಗಿಸಿ ಇತ್ತ ತಿರುಗುತ್ತಾರೆ.

"ನನ್ನ ಹೊಗಳಾದು ಬ್ಯಾಡ್ರಿ. ಚೀಟಿ ಕಿತ್ತಿದ್ದು ಕಾಟಲಿಂಗಪ್ಪ, ಮೇಡಮ್ಮೋರಲ್ಲ ಅಂತ ಹಾಕ್ರಿ. ಅವರು ಪೇಪರ್ ಓದ್ತಾರೆ."