ಎರಡು ಚುಕ್ಕಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಾನು ದರ್ಜಿ. ಹರಿದ ಹಾಸು ಹೊಲಿಯುವುದು, ಕಿತ್ತುಹೋದ ಗುಂಡಿ ಹಾಕುವುದು, ನೌಕರರ ಕೋಟಿನ ಜೇಬಿನ ಮೇಲೆ ಕೆಂಪು ನೂಲಿನಲ್ಲಿ ಅವರವರ ಹೆಸರು ಹೊಲಿಯುವುದು ನನ್ನ ಕೆಲಸ. ಎಲ್ಲರ ಕೋಟೂ ಒಂದೇ ಯಂತ್ರಕ್ಕೆ ಬೀಳುವುದರಿಂದ ಹೆಸರಿಲ್ಲದಿದ್ದರೆ ಯಾರದೋ ಯಾರಿಗೋ ಹೋಗುತ್ತದೆ. ಒಂದು ಕಾಲಕ್ಕೆ ನಮ್ಮಲ್ಲಿ ಒಂದೇ ಹೆಸರಿನವರು ಮೂವರಿದ್ದರು: ಆಂಬುಲೆನ್ಸ್ ಓಡಿಸುವ ಡ್ರೈವರಣ್ಣ, ಒಬ್ಬ ಎಲೆಕ್ಟ್ರಿಷಿಯನ್, ಮತ್ತು ದೊಡ್ಡ ಯಂತ್ರದ ಮುಂದೆ ನಿಂತು ಬಟ್ಟೆ ಒಗೆಯುತ್ತಿದ್ದ, ನಾನೀಗ ಹೇಳಹೊರಟಿರುವ ಈ ಮನುಷ್ಯ. ತಲೆ ಓಡಿಸಿದವಳು ನಾನೇ. ಡ್ರೈವರಣ್ಣನಿಗೆ ಬರೀ ಹೆಸರು, ಎಲೆಕ್ಟ್ರಿಷಿಯನ್‌ಗೆ ಹೆಸರಿನ ಪಕ್ಕ ಒಂದು ಚುಕ್ಕಿ, ಕೊನೆಗೆ ಸೇರಿದ ಇವರಿಗೆ ಎರಡು. ನಮ್ಮ ಮೇಸ್ತ್ರಿ ಶಹಬ್ಬಾಸ್ ಅಂದರು. ವಾರ ಕಳೆಯುವುದರೊಳಗೆ ಎಲ್ಲರ ಬಾಯಲ್ಲೂ ಇವರು ‘ಎರಡು ಚುಕ್ಕಿ’ ಆಗಿಬಿಟ್ಟರು.

ಬಟ್ಟೆ ಯಂತ್ರಕ್ಕೆ ಹಾಕುವ ಮೊದಲು ಇವರು ಪ್ರತಿ ಜೇಬಿಗೂ ಕೈ ಹಾಕಿ, ಸಿಕ್ಕಿದ ಪೆನ್ನು, ಬೀಗದ ಕೈ, ಬಾಚಣಿಗೆಗಳನ್ನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟು, ಸಂಜೆ ಅವರವರನ್ನು ಹುಡುಕಿಕೊಂಡು ಹೋಗಿ ಕೊಡುತ್ತಿದ್ದರು. ಎಲ್ಲರ ಹೆಸರೂ ಅವರಿಗೆ ಬಾಯಿಪಾಠ. ಮದುವೆಯಾಗಿರಲಿಲ್ಲ. ಊಟದ ಹೊತ್ತಿಗೆ ನಾವೆಲ್ಲ ಇಸ್ತ್ರಿ ಮೇಜಿನ ಸುತ್ತ ಕೂತು ಹರಟೆ ಹೊಡೆಯುತ್ತಿದ್ದರೆ, ಅವರು ಸ್ಟೂಲಿನ ಮೇಲೆ ಕೂತು, ಗಾಜಿನೊಳಗೆ ತಿರುಗುವ ಬಟ್ಟೆ ನೋಡುತ್ತ ಉಣ್ಣುತ್ತಿದ್ದರು. ಕರೆದರೆ ‘ಯಂತ್ರ ಬಿಟ್ಟು ಬರಕ್ಕಾಗಲ್ಲ ಅಕ್ಕಾ’ ಅನ್ನುತ್ತಿದ್ದರು. ಎರಡು ಸಲ ಕರೆದೆವು. ಮೂರನೇ ಸಲ ಯಾರಿಗೂ ನೆನಪಾಗಲಿಲ್ಲ.

ಕಟ್ಟಡಕ್ಕೆಲ್ಲ ಒಂದೇ ಫೋನ್. ಮೇಸ್ತ್ರಿ ಆ ಹೆಸರು ಕೂಗಿದರೆ ಮೊದಮೊದಲು ಇವರು ಒದ್ದೆ ಕೈ ಒರೆಸಿಕೊಂಡು ಓಡಿ ಬರುತ್ತಿದ್ದರು.

‘ನಿನಗಲ್ಲ ಕಣಯ್ಯ, ಡ್ರೈವರಿಗೆ!’

ಪ್ರತಿ ಸಲವೂ ಡ್ರೈವರಿಗೇ. ಆಮೇಲಾಮೇಲೆ ಇವರು ತಲೆಯೆತ್ತುವುದನ್ನೂ ಬಿಟ್ಟರು.

ಎಲೆಕ್ಟ್ರಿಷಿಯನ್ ಬೇರೆ ಕಡೆ ಕೆಲಸಕ್ಕೆ ಹೋದ. ಮೂರು ವರ್ಷದ ಹಿಂದೆ ಡ್ರೈವರಣ್ಣನಿಗೂ ನಿವೃತ್ತಿಯಾಯಿತು. ಮರುದಿನವೇ ಇವರು ಕೋಟು ಮಡಚಿ ಹಿಡಿದು ನನ್ನ ಹೊಲಿಗೆ ಯಂತ್ರದ ಮುಂದೆ ಬಂದು ನಿಂತರು.

‘ಅಕ್ಕಾ, ಈಗ ಆ ಹೆಸರಿನವನು ನಾನೊಬ್ಬನೇ. ಈ ಚುಕ್ಕಿ ಬಿಚ್ಚಿ ಕೊಡ್ತೀರಾ?’

‘ಬಿಚ್ಚಿದ್ರೆ ನಿಮ್ಮನ್ನ ಯಾರು ಗುರುತು ಹಿಡೀತಾರೆ?’ ಎಂದು ನಕ್ಕೆ. ಅವರೂ ನಕ್ಕರು, ಆದರೆ ಕೋಟು ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ.

‘ನಮ್ಮಮ್ಮ ಇಟ್ಟ ಹೆಸರು. ಅವಳು ಹೋದ್ಮೇಲೆ ಯಾರೂ ನನ್ನನ್ನ ಆ ಹೆಸರಿಂದ ಕರೆದಿಲ್ಲ.’

‘ಆಯ್ತು, ನಾಳೆ ನೋಡೋಣ.’

ಕೈತುಂಬ ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಸೋಮಾರಿತನ, ಅಷ್ಟೆ. ತಿಂಗಳಿಗೊಮ್ಮೆ ಕೇಳುತ್ತಿದ್ದರು, ನಾನು ನಾಳೆ ಅನ್ನುತ್ತಿದ್ದೆ.

ಹೋದ ತಿಂಗಳು ಜ್ವರ ಎಂದು ನಾಲ್ಕು ದಿನ ರಜೆ ಹಾಕಿದರು. ನೋಡಿಕೊಂಡು ಬರಲು ಯಾರೂ ಹೋಗಲಿಲ್ಲ. ಐದನೇ ದಿನ ಬೆಳಿಗ್ಗೆ ಸೂಚನಾ ಫಲಕದ ಮೇಲೆ ಕಚೇರಿಯವರ ಚೀಟಿಯಿತ್ತು. ಆ ಹೆಸರು, ಅದರ ಕೆಳಗೆ ‘ನಮ್ಮ ಹಿರಿಯ ನೌಕರರು ನಿನ್ನೆ ತೀರಿಕೊಂಡರು’ ಎಂಬ ಸಾಲು.

‘ಅಯ್ಯೋ, ಡ್ರೈವರಣ್ಣ!’ ಎಂದು ನಾನು ಬಾಯಿ ಬಡಿದುಕೊಂಡೆ. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತರು. ಯಾರು ಎಂದು ಒಬ್ಬರೂ ಕೇಳಲಿಲ್ಲ. ಬರೀ ಹೆಸರೆಂದರೆ ಡ್ರೈವರಣ್ಣನದೇ; ಇನ್ನೊಬ್ಬರಿಗೆ ಚುಕ್ಕಿ ಇತ್ತಲ್ಲ!

ಏಳು ಜನ ರಜೆ ಹಾಕಿ, ಹೂವಿನ ಹಾರ ಹಿಡಿದು, ಎರಡು ಬಸ್ಸು ಬದಲಿಸಿ ಡ್ರೈವರಣ್ಣನ ಮನೆಗೆ ಹೋದೆವು. ಬಾಗಿಲು ತೆಗೆದವರು ಡ್ರೈವರಣ್ಣನೇ. ಮೈಮೇಲೆ ಬನಿಯನ್ನು, ಕೆನ್ನೆ ತುಂಬ ಸೋಪಿನ ನೊರೆ.

‘ಏನ್ರಪ್ಪಾ, ದಂಡೇ ಬಂದಿದೆ? ಹಾರ ಯಾರಿಗೆ?’

ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತೆ. ಆಮೇಲೆ ನಕ್ಕೆ. ವಿಷಯ ತಿಳಿದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹೆಂಡತಿ ಟೀ ಮಾಡಿ ತಂದರು. ಹಾರವನ್ನು ಅವರ ಕೊರಳಿಗೇ ಹಾಕಿ, ನೂರು ವರ್ಷ ಬಾಳಿ ಎಂದೆವು. ಎರಡನೇ ಸುತ್ತಿನ ಟೀ ಕುಡಿಯುವಾಗ ಗಂಟೆ ಒಂದಾಗಿತ್ತು. ಡ್ರೈವರಣ್ಣನೇ ಲೋಟ ಕೆಳಗಿಟ್ಟು ಕೇಳಿದರು:

‘ಅಲ್ಲಾ, ಹಾಗಾದ್ರೆ ಹೋಗಿದ್ದು ಯಾರು?’

ಇವರ ಬಾಡಿಗೆ ಕೋಣೆಗೆ ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆ ಯಜಮಾನಿ ಮೆಟ್ಟಿಲು ತೊಳೆಯುತ್ತಿದ್ದರು.

‘ನಿನ್ನೆ ಸಂಜೇನೇ ಆಸ್ಪತ್ರೆಗೆ ಫೋನ್ ಮಾಡಿದ್ದೆ. ಇವತ್ತು ಮಧ್ಯಾಹ್ನ ಒಂದು ಗಂಟೆವರೆಗೂ ಕಾದ್ವಿ. ಯಾರೂ ಬರ್ಲಿಲ್ಲ. ಕೊನೆಗೆ ಅಕ್ಕಪಕ್ಕದವರೇ ಎತ್ಕೊಂಡು ಹೋದ್ರು.’

ಮಹಡಿ ಮೇಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಬೋರಲು ಹಾಕಿದ ಒಂದು ತಟ್ಟೆ. ಬಾಗಿಲಿಗೆ ತಗಡಿನ ಫಲಕ. ಅದರ ಮೇಲೆ ಅವರೇ ಬಣ್ಣದಲ್ಲಿ ಬರೆದುಕೊಂಡ ಹೆಸರು, ಚುಕ್ಕಿಯಿಲ್ಲದೆ. ಕೆಳಗಿನ ಬೀದಿಯಿಂದ ನೋಡಿದರೆ ಅದು ಕಾಣುವುದೂ ಇಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಕೆಲಸಕ್ಕೆ ಹೋದಾಗ ಅವರ ಕೋಟು ದೊಡ್ಡ ಯಂತ್ರದ ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು. ತಂದು, ಅವರು ಮಾಡುತ್ತಿದ್ದ ಹಾಗೆ ಮೊದಲು ಜೇಬು ತಡಕಿದೆ. ಏನೂ ಇರಲಿಲ್ಲ. ಕನ್ನಡಕ ಹಾಕಿಕೊಂಡು ಸೂಜಿಯ ತುದಿಯಿಂದ ಚುಕ್ಕಿಗಳನ್ನು ಬಿಚ್ಚಿದೆ. ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಆ ಹೆಸರನ್ನು ಒಂದು ಸಲ, ಕರೆಯುವ ಹಾಗೆ, ಗಟ್ಟಿಯಾಗಿ ಹೇಳಿದೆ.

ಇಸ್ತ್ರಿ ಮೇಜಿನ ಹತ್ತಿರ ಇದ್ದವಳು ಬಾಗಿಲ ಕಡೆ ತಿರುಗಿ ನೋಡಿದಳು.

‘ಏನಕ್ಕಾ, ಡ್ರೈವರಣ್ಣ ಬಂದ್ರಾ?’