ಭಾನುವಾರಗಳ ಡಿಗ್ರಿ, ಶಾರ್ಜಾದ ಟ್ಯೂಬ್‌ಲೈಟು

ಶಾರ್ಜಾಕ್ಕೆ ಬಂದ ಮೂರನೆಯ ದಿನ, ಆಫೀಸಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ಬಿ.ಕಾಂ. ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಟ್ಯೂಬ್‌ಲೈಟಿನ ಕಡೆಗೆ ಎತ್ತಿದಳು. ಗುಂಡ್ಲುಪೇಟೆಯಲ್ಲಿ ನಾವು ಐನೂರರ ನೋಟನ್ನು ಹಾಗೆ ಎತ್ತಿ ನೋಡುತ್ತೇವೆ. ನೋಟಿನೊಳಗಾದರೆ ಗಾಂಧಿ ಕಾಣುತ್ತಾರೆ. ನನ್ನ ಸರ್ಟಿಫಿಕೇಟಿನೊಳಗೆ ಯಾರಿದ್ದಾರೆಂದು ನಾನೂ ಬಗ್ಗಿ ನೋಡಿದೆ. ಯಾರೂ ಇರಲಿಲ್ಲ.

ಅವಳ ಹೆಸರು ಗ್ರೇಸ್, ಫಿಲಿಪೀನ್ಸಿನವಳು. ನಮ್ಮ ಗೋಡೌನಿನ ಕೆಲಸಗಾರರ ಕಾಗದಪತ್ರವೆಲ್ಲ ಅವಳ ಕೈಯಲ್ಲಿ. "ನಿನ್ನ ಕಾಲೇಜಿನ ಫೋಟೊ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಕಾಲೇಜು ಇಲ್ಲ ಮೇಡಂ. ಡಿಗ್ರಿ ಮಾತ್ರ ಇದೆ," ಅಂದೆ.

ನಿಜವನ್ನೇ ಹೇಳಿದ್ದೆ. ಆದರೆ ಅವಳು ಪೆನ್ನು ತೆಗೆದು ಫೈಲಿನ ಮೇಲೆ ಉದ್ದಕ್ಕೆ ಏನೋ ಬರೆದುಕೊಂಡಳು. ಆಮೇಲೆ ವಿವರಿಸಿದಳು: ತಪಾಸಣೆಯ ಏಜೆನ್ಸಿಯೊಂದು ನಮ್ಮೂರಿಗೆ ಫೋನ್ ಮಾಡಿ ವಿಚಾರಿಸುತ್ತದೆ. ಡಿಗ್ರಿ ಖಾತ್ರಿಯಾದರೆ ಸ್ಟೋರ್ ಅಸಿಸ್ಟೆಂಟ್ ಕೆಲಸ ಕಾಯಂ. ಆಗದಿದ್ದರೆ ಮೂರು ತಿಂಗಳಿಗೆ ವಾಪಸು ವಿಮಾನ.

ದೂರಶಿಕ್ಷಣ ಎಂದರೇನು ಎಂದು ನಿಮಗೆ ಹೇಳಬೇಕಿಲ್ಲ, ನಿಮ್ಮ ಮನೆಯಲ್ಲೂ ಹಾಗೆ ಪಾಸಾದವರು ಒಬ್ಬರಾದರೂ ಇರುತ್ತಾರೆ. ಇಲ್ಲಿಯವರಿಗೆ ಅರ್ಥ ಮಾಡಿಸುವುದೇ ಕಷ್ಟ. ವಾರವೆಲ್ಲ ನಾನು ಗುಂಡ್ಲುಪೇಟೆಯ ಮೊಬೈಲ್ ಅಂಗಡಿಯಲ್ಲಿ ಒಡೆದ ಗ್ಲಾಸು ಬದಲಿಸುತ್ತಿದ್ದೆ. ಭಾನುವಾರ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರ. ಅಲ್ಲೊಂದು ಹೈಸ್ಕೂಲಿನ ಎರಡು ಕೋಣೆ ಭಾನುವಾರದ ಮಟ್ಟಿಗೆ ನಮ್ಮ ಅಧ್ಯಯನ ಕೇಂದ್ರ. ಮಕ್ಕಳ ಬೆಂಚು, ಕಾಲು ತೂರಿದರೆ ಹೊಟ್ಟೆ ತೂರುತ್ತಿರಲಿಲ್ಲ. ಸಹಪಾಠಿಗಳೆಂದರೆ ಒಬ್ಬ ಬಸ್ ಕಂಡಕ್ಟರು, ಮಗುವನ್ನು ಬೆಂಚಿನ ಮೇಲೆ ಮಲಗಿಸಿಕೊಂಡು ನೋಟ್ಸ್ ಬರೆಯುವ ಒಬ್ಬರು ಅಂಗನವಾಡಿ ಟೀಚರು, ಉಮ್ಮತ್ತೂರಿನ ಸಿದ್ದರಾಜು. ಕೇಂದ್ರವನ್ನು ನಡೆಸುತ್ತಿದ್ದವರು ಮಹದೇವಸ್ವಾಮಿ ಸಾರ್. ಹಾಜರಿ ಪುಸ್ತಕ ಅವರದು, ಬಾಗಿಲ ಬೀಗದ ಕೈ ಅವರದು, ಅಸೈನ್‌ಮೆಂಟ್ ಹಾಳೆ ಕಟ್ಟುವ ದಾರವೂ ಅವರ ಜೇಬಿನದೇ.

ಇನ್ನು ನನ್ನ ಕಾಯಿಲೆಯನ್ನೂ ಹೇಳಿಬಿಡುತ್ತೇನೆ. ಕೇಳಿದ ಧ್ವನಿಯೆಲ್ಲ ನನ್ನ ಗಂಟಲಲ್ಲಿ ಬಂದು ಕೂರುತ್ತದೆ. ಮಹದೇವಸ್ವಾಮಿ ಸಾರ್ ಧ್ವನಿಯಲ್ಲಿ ಸಿದ್ದರಾಜುಗೆ ಫೋನ್ ಮಾಡಿ, ಹದಿನಾರು ಪುಟದ ಅಸೈನ್‌ಮೆಂಟನ್ನು ಎರಡು ಸಲ ಬರೆಸಿದ್ದೇನೆ. ಮೈಸೂರಿನ ಯೂನಿವರ್ಸಿಟಿಯ ದೊಡ್ಡ ಸಾಹೇಬನ ಧ್ವನಿಯಲ್ಲಿ ಸಾರ್‌ಗೇ ಫೋನ್ ಮಾಡಿ, "ನಾಳೆ ಇನ್‌ಸ್ಪೆಕ್ಷನ್" ಎಂದು ಹೇಳಿ, ಆ ಶಾಲೆಯ ಪಾಯಿಖಾನೆಯನ್ನು ತೊಳೆಸಿದ ಕೀರ್ತಿಯೂ ನನ್ನದೇ. ಗುಟ್ಟು ರಟ್ಟಾದ ದಿನ ಸಾರ್ ನನ್ನ ಕಿವಿ ಹಿಡಿದು, "ನಯಾಜ, ಯಾವತ್ತಾದ್ರೂ ನಿನ್ ಬಾಯಿಂದ್ಲೇ ನೀನ್ ಕೆಡ್ತೀಯ ಕಣ್ಲಾ" ಅಂದಿದ್ದರು. ನಾನು ಅದನ್ನೂ ಅವರದೇ ಧ್ವನಿಯಲ್ಲಿ ತಿರುಗಿ ಹೇಳಿ ಕ್ಲಾಸನ್ನು ನಗಿಸಿದ್ದೆ.

ಶಾರ್ಜಾದಲ್ಲಿ ನನ್ನ ಮನೆ ಅಂದರೆ ಒಂದು ಮಂಚ. ಇಲ್ಲಿ ಅದನ್ನು ಬೆಡ್‌ಸ್ಪೇಸ್ ಅನ್ನುತ್ತಾರೆ: ಕೋಣೆಯಲ್ಲಿ ಎಂಟು ಜನ, ಒಂದರ ಮೇಲೊಂದರಂತೆ ಇಬ್ಬಿಬ್ಬರು ಮಲಗುವ ನಾಲ್ಕು ಅಟ್ಟದ ಮಂಚ, ಬಾಡಿಗೆ ಮಂಚಕ್ಕೆ. ಒಂದೇ ಫ್ರಿಜ್ಜು. ಅದರೊಳಗೆ ಪ್ರತಿ ಮೊಟ್ಟೆಯ ಮೇಲೂ ಪೆನ್ನಿನಲ್ಲಿ ಬರೆದ ಹೆಸರು. ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ಕೇಳದೆಯೇ ಬಂದು ನಮ್ಮ ಗಿಡದ ಕರಿಬೇವು ಕಿತ್ತುಕೊಂಡು, ಗಿಡಕ್ಕೆ ನೀರು ಹಾಕಿಲ್ಲವೆಂದು ನಮ್ಮನ್ನೇ ಬೈದು ಹೋಗುತ್ತಿದ್ದರು. ಇಲ್ಲಿ ಮೊಟ್ಟೆಗೂ ಪಾಸ್‌ಪೋರ್ಟು. ನಾನು ನನ್ನ ಮೊಟ್ಟೆಗಳ ಮೇಲೆ ಕನ್ನಡದಲ್ಲಿ ಬರೆದಿಟ್ಟೆ. ಮೇಲಿನ ಮಂಚದ, ನಾವೆಲ್ಲ ಅಣ್ಣ ಎಂಬರ್ಥದಲ್ಲಿ 'ಇಕ್ಕ' ಎಂದು ಕರೆಯುವ ಕಣ್ಣೂರಿನ ಬಶೀರ್‌ಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನು ಮಂತ್ರವೋ?" ಎಂದು ಕೇಳಿದರು. ಅವತ್ತಿನಿಂದ ನನ್ನ ಮೊಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಶಾರ್ಜಾದಲ್ಲಿ ನನ್ನ ಮೊದಲ ಗೆಲುವು ಅದೇ.

ಅನುಮಾನ ಅಂಟುರೋಗ. ಖುಬೂಸ್ ಎಂಬ ಇಲ್ಲಿನ ರೊಟ್ಟಿ ಬಲೂನಿನಂತೆ ಉಬ್ಬಿರುತ್ತದೆ. ಒಳಗೆ ಏನಾದರೂ ಇದ್ದೀತೆಂದು ಒಂದು ವಾರ ಹರಿದು ನೋಡಿದೆ, ಬರೀ ಗಾಳಿ. ಬಕಾಲಾ, ಅಂದರೆ ಮೂಲೆಯ ದಿನಸಿ ಅಂಗಡಿಯಲ್ಲಿ, ಸಣ್ಣ ಈರುಳ್ಳಿ ಕಂಡು "ಇದು ನಮ್ಮ ಗುಂಡ್ಲುಪೇಟೇದು" ಅಂದೆ. ಅಂಗಡಿಯವನು "ಇಂಡಿಯಾ" ಅಂದನಷ್ಟೆ. ಇಂಡಿಯಾದಲ್ಲಿ ಎಲ್ಲಿ ಎಂದು ಜಗಳಕ್ಕೇ ನಿಂತೆ. ಮೂಸಿ ನೋಡುತ್ತಾ ನಿಂತವನನ್ನು ಅವನು ಕಳ್ಳನೆಂದುಕೊಂಡು ಹಿಂದೆಯೇ ಬಂದ.

ಒಂಟಿತನಕ್ಕೆ ನನಗೆ ಗೊತ್ತಿದ್ದ ಔಷಧ ಒಂದೇ. ಎರಡನೆಯ ವಾರ ಹೊಸ ಸಿಮ್ಮಿನಿಂದ ಮಹದೇವಸ್ವಾಮಿ ಸಾರ್‌ಗೆ ಫೋನ್ ಮಾಡಿ, ಅರಬ್ ಶೇಖನ ಧ್ವನಿಯಲ್ಲಿ, "ನಿಮ್ಮ ಅಧ್ಯಯನ ಕೇಂದ್ರವನ್ನು ಖರೀದಿ ಮಾಡುತ್ತೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಾರ್ ಎದ್ದು ನಿಂತೇ ಮಾತಾಡುತ್ತಿದ್ದರು, ಕುರ್ಚಿ ಸರಿದ ಸದ್ದು ಕೇಳಿಸಿತು. "ಬಿಲ್ಡಿಂಗ್ ನಾಟ್ ಅವರ್ಸ್ ಸಾರ್, ಓನ್ಲಿ ಸಂಡೇ ಅವರ್ಸ್" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಗೊತ್ತಾಗಿಹೋಯಿತು. ಬೈದರು, ಊಟ ಮಾಡಿದೆಯಾ ಎಂದು ಕೇಳಿದರು, ಫೋನಿಟ್ಟರು. ಅವತ್ತು ಚೆನ್ನಾಗಿ ನಿದ್ದೆ ಬಂತು.

ಎರಡು ವಾರ ಕಳೆದ ಮೇಲೆ ಗ್ರೇಸ್ ಕರೆಸಿದಳು. ಏಜೆನ್ಸಿಯ ವರದಿ ಬಂದಿತ್ತು: ಕೇಂದ್ರದವರು ನಿರಾಕರಿಸಿದ್ದಾರೆ. ಅವರ ಬಳಿ ಮಾತಿನ ರೆಕಾರ್ಡಿಂಗ್ ಕೂಡ ಇತ್ತು. ಅವಳು ಅದನ್ನು ಹಾಕಿ, "ಇದು ನಿಮ್ಮ ಭಾಷೆ ತಾನೆ? ಏನು ಹೇಳುತ್ತಿದ್ದಾರೆ ಹೇಳು," ಅಂದಳು.

ಮೊದಲು ಏಜೆನ್ಸಿಯವನ ಗಂಭೀರ ಇಂಗ್ಲಿಷು: ಯು.ಎ.ಇ.ಯಿಂದ ಮಾತಾಡುತ್ತಿದ್ದೇವೆ, ನಯಾಜ್ ಎಂಬ ವಿದ್ಯಾರ್ಥಿಯ ಬಗ್ಗೆ. ಹಿಂದೆಯೇ ನನ್ನ ಗುರುಗಳು:

"ಥೂ, ಸಾಕು ನಿಲ್ಸಲಾ! ಮೊನ್ನೆ ಶೇಖ, ಇವತ್ತು ಇದ್ಯಾವ್ ವೇಷ? ಆ ನಯಾಜ ನಮ್ಮಲ್ಲಿ ಓದೇ ಇಲ್ಲ, ಓಗು! ನೋ ನಯಾಜ್, ನೋ ಡಿಗ್ರಿ, ನಥಿಂಗ್! ಮಡಗು ಫೋನ!"

ಕೊನೆಯ ಇಂಗ್ಲಿಷನ್ನು ಏಜೆನ್ಸಿಯವರು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು.

ನಾನು ಇದ್ದದ್ದನ್ನು ಇದ್ದ ಹಾಗೆ ಅನುವಾದಿಸಿದೆ. ಆ ಮಾತು ತಮಾಷೆ, ಫೋನ್ ಮಾಡಿದ್ದು ನಾನೇ ಎಂದು ಅವರು ತಿಳಿದಿದ್ದಾರೆ, ನನಗೆ ಮಿಮಿಕ್ರಿಯ ಚಟವಿದೆ ಅಂದೆ. ಗ್ರೇಸ್ ರೆಕಾರ್ಡಿಂಗನ್ನು ಇನ್ನೊಮ್ಮೆ ಹಾಕಿದಳು. "ಹಾಗಾದರೆ ಈ ರೆಕಾರ್ಡಿಂಗಿನಲ್ಲಿ ಮಾತಾಡುತ್ತಿರುವ ಮುದುಕರೂ ನೀನೇ ಅಲ್ಲ ಎಂದು ನಾನು ಹೇಗೆ ನಂಬಲಿ?" ಅಂದಳು. ಕೇಂದ್ರದ ಮೊಹರು ಇರುವ ಪತ್ರಕ್ಕೆ ಹತ್ತು ದಿನದ ಗಡುವು ಕೊಟ್ಟಳು.

ಮಧ್ಯಾಹ್ನದ ಬಿಡುವಿನಲ್ಲಿ ಗೋಡೌನಿನ ಹಿಂದೆ ನಿಂತು ಫೋನ್ ಮಾಡಿದೆ.

"ಸಾರ್, ನಾನು ನಯಾಜ್. ನನ್ನ ಕೆಲಸ ಹೋಗ್ತಾ ಇದೆ ಸಾರ್."

"ಇದ್ಯಾರ್ ವಾಯ್ಸು?"

"ನಂದೇ ಸಾರ್."

"ನಿಂದೇ ಅಂದ್ರೆ? ಮೂರು ವರ್ಷದಲ್ಲಿ ನಿನ್ ಸ್ವಂತ ವಾಯ್ಸಲ್ಲಿ ಯಾವತ್ಲಾ ಮಾತಾಡಿದ್ದೆ? ಯಾವ್ದು ನಿಂದು ಅಂತ ನಂಗೆಂಗ್ ಗೊತ್ತಾಗ್ಬೇಕು?"

ಅಳು ಬಂತು. ಅದೂ ನಟನೆಯೆಂದು ಅವರು ಫೋನಿಟ್ಟರು.

ಉಳಿದಿದ್ದು ಅಬ್ಬಾ, ಅಂದರೆ ನಮ್ಮಪ್ಪ, ಒಬ್ಬರೇ. ಗುಂಡ್ಲುಪೇಟೆಯಲ್ಲಿ ಅವರದು ವೆಲ್ಡಿಂಗ್ ಅಂಗಡಿ. ಯಾವುದನ್ನೂ ತಟ್ಟಿ ನೋಡದೆ ನಂಬದ ಮನುಷ್ಯ. ಪೈಪು ತಟ್ಟಿ ದಪ್ಪ ಹೇಳುತ್ತಾರೆ, ಕಲ್ಲಂಗಡಿ ತಟ್ಟಿ ಬಣ್ಣ ಹೇಳುತ್ತಾರೆ. ನನ್ನ ಡಿಗ್ರಿಗೆ ಕಟ್ಟು ಹಾಕಿಸಿ ತಂದಾಗ ಅದನ್ನೂ ತಟ್ಟಿ, ಏನೂ ಹೇಳದೆ ಗೋಡೆಗೆ ಮೊಳೆ ಹೊಡೆದಿದ್ದರು. ನಾನು ಫೋನಿನಲ್ಲಿ ವಿಷಯ ಹೇಳಿದಾಗ, "ನಾನೇ ಹೋಗಿ ನೋಡ್ತೀನಿ," ಅಂದರು. ನನಗೆ ಸಹಾಯ ಮಾಡಲು ಹೋಗುತ್ತಾರೋ, ನನ್ನನ್ನು ಪತ್ತೆಹಚ್ಚಲು ಹೋಗುತ್ತಾರೋ ತಿಳಿಯಲಿಲ್ಲ. ಭಾನುವಾರ ಅವರು ನಾನು ಹತ್ತುತ್ತಿದ್ದ ಬಸ್ಸನ್ನೇ ಹತ್ತಿದರು. ಸಿದ್ದರಾಜುವನ್ನು ಅಲ್ಲಿಗೆ ಬರಹೇಳಿದ್ದೆ. ಸಂಜೆ ಅವನು ಫೋನಿನಲ್ಲಿ ಎಲ್ಲವನ್ನೂ ಒಪ್ಪಿಸಿದ.

"ನಿಮ್ಮಪ್ಪ ಬಂದವ್ರೇ ಮೊದ್ಲು ಇಸ್ಕೂಲ್ ಗೇಟ್ ತಟ್ಟುದ್ರು ಕಣ್ಲಾ. ಪರವಾಗಿಲ್ಲ, ಗಟ್ಟಿಯಾಗದೆ ಅಂದ್ರು. ಆಮೇಲ್ ಒಳಕ್ಕೋಗಿ, 'ನಮ್ ಹುಡ್ಗ ಇಲ್ಲಿ ಓದಿದ್ದು ನಿಜವಾ ಸಾರ್?' ಅಂತ ಕೇಳುದ್ರು. ಸಾರ್ ಏನಂದ್ರು ಗೊತ್ತಾ? 'ನೀವು ಅವ್ರಪ್ಪನೇ ಅನ್ನಕ್ಕೆ ಏನ್ ಗ್ಯಾರಂಟಿ? ಅವ್ನು ಯಾರ್ನ ಬೇಕಾದ್ರೂ ಕಳಿಸ್ತನೆ' ಅಂದ್ಬುಟ್ರು!"

"ಆಮೇಲೆ?"

"ನಿಮ್ಮಪ್ಪ ಆಧಾರ್ ಕಾರ್ಡ್ ತಗ್ದು ಟೇಬಲ್ ಮೇಲ್ ಮಡಗುದ್ರು. ಸಾರ್ ಹಾಜರಿ ಪುಸ್ತಕ ತಗ್ದು ಅದ್ರ ಪಕ್ಕ ಮಡಗುದ್ರು. ಮೂರ್ ವರ್ಷದ್ದೂ ಬೆರಳಿಟ್ಟು ನೋಡುದ್ರು ಕಣ್ಲಾ ನಿಮ್ಮಪ್ಪ, ಒಂದೊಂದ್ ಸಹಿನೂ! ಒಂದ್ ಕಡೆ ನಿಂತ್ಕಬುಟ್ರು. 'ಸಾರ್, ಇದು ನನ್ ಮಗನ ಸಹಿ ಅಲ್ಲ.' ನನ್ ಜೀವ ಬಾಯಿಗ್ ಬಂತು."

ನನ್ನದೂ ಬಂತು. ಆ ಒಂದು ಭಾನುವಾರ ನಾನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ಗೆಳೆಯರಿಗೆ ಕಂಡಕ್ಟರನ ಮಿಮಿಕ್ರಿ ಮಾಡುತ್ತಿದ್ದೆ. ನನ್ನ ಸಹಿ ಹಾಕಿದ್ದವನು ಇದೇ ಸಿದ್ದರಾಜು.

"ನಾನೇ ಸಾರ್, ತಪ್ಪಾಯ್ತು ಅಂತ ಕಾಲಿಗ್ ಬಿದ್ದೆ," ಅಂದ ಅವನು. "ಸಾರ್ ಅವತ್ತಿನ್ ಹಾಜರಿಗೆ ಕೆಂಪು ಪೆನ್ನಲ್ಲಿ ಗೀಟ್ ಹಾಕುದ್ರು. ಎಲ್ಲಾ ಮುಗೀತು ಅನ್ಕಂಡೆ. ನಿಮ್ಮಪ್ಪ ನಗ್ತಾವ್ರೆ! 'ವೆಲ್ಡಿಂಗಲ್ಲಿ ತೂತು ಎಲ್ಲದೆ ಅಂತ ಸಿಕ್ಬುಟ್ರೆ ನೆಮ್ದಿ ಸಾರ್. ಮಿಕ್ಕಿದ್ದೆಲ್ಲ ಗಟ್ಟಿ ಅಂತ ಗೊತ್ತಾಯ್ತು, ಬರ್ಕೊಡಿ' ಅಂದ್ರು. ಸಾರ್ ಬರ್ಕೊಟ್ರು."

ಪತ್ರ ಬಂತು, ಮೊಹರಿನೊಂದಿಗೆ. ಗ್ರೇಸ್ ಅದನ್ನೂ ಟ್ಯೂಬ್‌ಲೈಟಿಗೆ ಎತ್ತಿ ನೋಡಿದಳು. ಕೇಂದ್ರದ ಅಧಿಕೃತ ಇಮೇಲ್‌ಗೆ ಬರೆದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡಳು. ಮೂರು ತಿಂಗಳು ತುಂಬುವ ಮೊದಲೇ ಕೆಲಸ ಕಾಯಂ ಆಯಿತು.

ಅವತ್ತು ಅಬ್ಬಾಗೆ ವಿಡಿಯೊ ಕರೆ ಮಾಡಿದೆ. ಈಗ ನಮ್ಮ ಮನೆಯವರು ಮುಖ ಕಾಣದೆ ನನ್ನೊಂದಿಗೆ ಮಾತಾಡುವುದಿಲ್ಲ. ಮನೆಮಾತಾದ ಉರ್ದುವಿನಲ್ಲಿ ಅವರು ಮೆಲ್ಲಗೆ ಅಂದರು: "ಭಾನುವಾರ ನೀನು ಸಿನಿಮಾಕ್ಕೆ ಹೋಗ್ತೀಯ ಅಂದ್ಕೊಂಡಿದ್ದೆ."

"ಮೂರು ವರ್ಷವೂನಾ ಅಬ್ಬಾ?"

"ಮೂರು ವರ್ಷವೂ."

ಮೂರು ವರ್ಷವೂ, ಪ್ರತಿ ಭಾನುವಾರ, ನನ್ನನ್ನು ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು, ಬಸ್ಸು ಹೊರಡುವವರೆಗೂ ನಿಂತಿರುತ್ತಿದ್ದವರು ಅವರೇ.

ವರ್ಷವಾಯಿತು. ಬಶೀರ್‌ಕ್ಕನಿಗೆ ಈಗ ನನ್ನ ಮೊಟ್ಟೆಯ ಅಕ್ಷರ ಓದಲು ಬರುತ್ತದೆ, ಹಾಗಾಗಿ ಮೊಟ್ಟೆ ಕಡಿಮೆಯಾಗತೊಡಗಿವೆ. ರಜೆಯಲ್ಲಿ ಊರಿಗೆ ಹೋದಾಗ ಶಾರ್ಜಾದವರನ್ನೆಲ್ಲ ಅನುಕರಿಸಿ ತೋರಿಸಿದೆ. ಇಲ್ಲಿ ಊರಿನವರನ್ನು ತೋರಿಸುತ್ತೇನೆ. ಎರಡೂ ಕಡೆ ನಗುತ್ತಾರೆ. ಯಾವುದು ಎಷ್ಟು ಸರಿಯಾಗಿದೆ ಎಂದು ಹೇಳಬಲ್ಲವರು ಎರಡೂ ಕಡೆ ಇಲ್ಲ.

ಮೊನ್ನೆ ಬಕಾಲಾದಲ್ಲಿ ಅದೇ ಸಣ್ಣ ಈರುಳ್ಳಿ ಆರಿಸುತ್ತಿದ್ದೆ. ಮಹದೇವಸ್ವಾಮಿ ಸಾರ್ ಫೋನು ಬಂತು. ಅವರ ಕೇಂದ್ರದಲ್ಲಿ ಓದಿದ ಸಂತೆಮರಹಳ್ಳಿಯ ಹುಡುಗಿಯೊಬ್ಬಳಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆಯಂತೆ, ವಿಚಾರಣೆಯ ಕರೆ ಬಂದಿದೆಯಂತೆ.

"ಇನ್ನೊಂದ್ ಫೋನಲ್ಲಿ ಅವ್ರನ್ನ ಕಾಯಿಸ್ತಾ ಇದೀನಿ. ನಿಜ ಹೇಳು, ಅದು ನೀನಲ್ವಾ?"

"ನಾನಲ್ಲ ಸಾರ್. ನಾನು ಇಲ್ಲೇ ಇದೀನಿ."

"ಇಲ್ಲೇ ಅಂದ್ರೆ ಎಲ್ಲಿ? ಊರಿಗ್ ಬಂದಿದೀಯಾ?"

ಕೈಯಲ್ಲಿ ಈರುಳ್ಳಿ ಇತ್ತು. ಹಿಂದೆ ಅಂಗಡಿಯವನು ನಿಂತಿದ್ದ. ಉತ್ತರಕ್ಕೆ ನಾನು ಸ್ವಲ್ಪ ಹೆಚ್ಚೇ ತಡ ಮಾಡಿದೆನೆಂದು ಕಾಣುತ್ತದೆ.

"ಲೇ, ಯಾಕ್ಲಾ ಸುಮ್ನಾದೆ?" ಅಂದರು ಸಾರ್. ಧ್ವನಿಯಲ್ಲಿ ಮತ್ತೆ ಅನುಮಾನ.